‘ಪತ್ತೆಯಾಗಿದ್ದಾರೆ’, ‘ಪತ್ತೆಯಾಗಿದೆ’: ಕಾಣೆಯಾದವರನ್ನು ಹುಡುಕುವ ಪತ್ತೇದಾರನ ಕನ್ನಡ

1. ಪ್ರಶ್ನೆಯ ಸ್ವರೂಪ

ಕಾಣೆಯಾದವರೊಬ್ಬರನ್ನು ಹುಡುಕಿಕೊಡಬೇಕೆಂದು ಖಾಸಗಿ ಪತ್ತೇದಾರನ ಬಳಿಗೆ ಯಾರೋ ಬರುತ್ತಾರೆ. ಹುಡುಕಾಟ ಸಾಗಿದಂತೆ ಕಾಣೆಯಾದವರಿಗಿಂತ ಹುಡುಕಿಸುತ್ತಿರುವವರ ಬದುಕೇ ಹೆಚ್ಚು ಬಯಲಾಗುತ್ತದೆ. 1920ರ ದಶಕದ ಅಮೆರಿಕದಲ್ಲಿ ‘ಬ್ಲ್ಯಾಕ್ ಮಾಸ್ಕ್’ ಪತ್ರಿಕೆಯ ಸುತ್ತ ಬೆಳೆದ ‘ಹಾರ್ಡ್‌ಬಾಯಿಲ್ಡ್’ ಪತ್ತೇದಾರಿ ಕಥನದ ಪರಿಚಿತ ಹಂದರವಿದು. ರೇಮಂಡ್ ಚಾಂಡ್ಲರ್‌ನ ‘ದಿ ಲೇಡಿ ಇನ್ ದ ಲೇಕ್’ (1943) ಕಾಣೆಯಾದ ಹೆಂಡತಿಯ ಹುಡುಕಾಟದಿಂದ ತೊಡಗಿದರೆ, ‘ದಿ ಲಿಟ್ಲ್ ಸಿಸ್ಟರ್’ (1949) ಕಾಣೆಯಾದ ಅಣ್ಣನ ಹುಡುಕಾಟದಿಂದ ತೊಡಗುತ್ತದೆ.

ಈ ಪ್ರಕಾರದ ಮಾತು ಬಂದಾಗ ಇರುಳು, ಮಳೆ, ಸಿಗರೇಟಿನ ಹೊಗೆ, ಒಂಟಿ ನಾಯಕ ಇವು ಮೊದಲು ನೆನಪಾಗುತ್ತವೆ. ಇವೆಲ್ಲ ಸುಲಭವಾಗಿ ಎರವಲು ಪಡೆಯಬಹುದಾದ ಸಾಮಗ್ರಿಗಳು. ಎರವಲು ಪಡೆಯಲಾಗದ್ದು ವ್ಯಾಕರಣ. ಕಾಣೆಯಾದವರ ಹುಡುಕಾಟವು ಆದ್ಯಂತವಾಗಿ ಭಾಷೆಯ ಮೂಲಕ ನಡೆಯುವ ಕೆಲಸ: ಕಾಣೆಯಾದವರನ್ನು ವರ್ಣಿಸಬೇಕು, ಅಪರಿಚಿತರನ್ನು ವಿಚಾರಿಸಬೇಕು, ಕೊನೆಗೆ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಬೇಕು. ಈ ಪ್ರತಿಯೊಂದು ಹಂತದಲ್ಲಿಯೂ ಕನ್ನಡ ವ್ಯಾಕರಣವು ಇಂಗ್ಲಿಷ್ ಕೇಳದ ಆಯ್ಕೆಗಳನ್ನು ಮಾತುಗಾರನಿಂದ ಕೇಳುತ್ತದೆ. ಆ ಆಯ್ಕೆಗಳೇ ಕಥನದ ಸುಳಿವುಗಳಾದಾಗ ಮಾತ್ರ ಈ ಪ್ರಕಾರ ಕನ್ನಡದ್ದಾಗುತ್ತದೆ ಎಂಬುದು ನಮ್ಮ ವಾದ.

2. ಹೆಸರುಗಳು

‘ಪತ್ತೇದಾರ’ ಮತ್ತು ‘ನಾಪತ್ತೆ’ ಒಂದೇ ಪದದ ಎರಡು ಕವಲುಗಳು. ‘ಪತ್ತೆ’ ಹಿಂದಿಯ ‘ಪತಾ’, ಮರಾಠಿಯ ‘ಪತ್ತಾ’ ಪದಗಳ ಬಂಧು. ‘-ದಾರ’ ಮತ್ತು ‘ನಾ-’ ಎರಡೂ ಪರ್ಷಿಯನ್ ಮೂಲದವು. ಹಿಂದಿ, ಮರಾಠಿಗಳಲ್ಲಿ ಈ ಪದಕ್ಕೆ ವಿಳಾಸವೆಂಬ ಅರ್ಥವೂ ಉಂಟು. ಕನ್ನಡದಲ್ಲಿ ಆ ಅರ್ಥ ನಿಲ್ಲದೆ ಜಾಡು, ಸುಳಿವು ಎಂಬ ಅರ್ಥವಷ್ಟೇ ಉಳಿದಿದೆ.

‘ಕಾಣೆ’ಯ ಸ್ಥಿತಿ ಬೇರೆ. ಹಳಗನ್ನಡದ ‘ಕಾಣೆಂ’, ಇಂದಿಗೂ ಉಳಿದಿರುವ ‘ನಾ ಕಾಣೆ’ ಇವು ಉತ್ತಮಪುರುಷದ ನಿಷೇಧರೂಪಗಳು, ಅವುಗಳಲ್ಲಿ ಕಾಲಸೂಚಕವಿಲ್ಲ. ‘ಕಾಣೆಯಾಗು’ ಎಂಬಲ್ಲಿಯ ಮೊದಲ ಘಟಕಕ್ಕೂ ‘ನಾ ಕಾಣೆ’ಯ ಕ್ರಿಯಾಪದಕ್ಕೂ ರೂಪ ಒಂದೇ. ವ್ಯುತ್ಪತ್ತಿಯನ್ನು ಇಲ್ಲಿ ತೀರ್ಮಾನಿಸುವ ಅಗತ್ಯವಿಲ್ಲ. ಈ ರೂಪಸಾಮ್ಯ ನೆನಪಿಸುವ ಸಂಗತಿಯಷ್ಟೇ ನಮಗೆ ಮುಖ್ಯ. ಕಾಣೆಯಾಗುವುದು ಕಾಣೆಯಾದವರ ಗುಣವಲ್ಲ, ಕಾಣದವರ ಅನುಭವ. ಯಾರೂ ಹುಡುಕದಿದ್ದರೆ ಯಾರೂ ಕಾಣೆಯಾಗಿರುವುದಿಲ್ಲ.

ಪತ್ತೇದಾರನ ಹೆಸರೂ ಗಮನಾರ್ಹ. ಡ್ಯಾಶಿಯೆಲ್ ಹ್ಯಾಮೆಟ್‌ನ ‘ಕಾಂಟಿನೆಂಟಲ್ ಆಪ್’ಗೆ ಹೆಸರೇ ಇಲ್ಲ, ಅವನಿರುವುದು ‘ನಾನು’ ಎಂಬ ಸರ್ವನಾಮವಾಗಿ ಮಾತ್ರ. ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಮೊದಲುಗೊಂಡು ಕನ್ನಡದ ಬಹುದೊಡ್ಡ ಓದುಗವರ್ಗವೊಂದಕ್ಕೆ ಕೊಟ್ಟ ಪುರುಷೋತ್ತಮ, ಮಧುಸೂದನ, ಅರಿಂಜಯರಾದರೋ ಹೆಸರಿನಲ್ಲೇ ಗೆದ್ದವರು: ಪುರುಷರಲ್ಲಿ ಉತ್ತಮ, ಮಧುವನ್ನು ಕೊಂದವನು, ಅರಿಗಳನ್ನು ಜಯಿಸಿದವನು. ಗೆಲ್ಲುವುದು ಮೊದಲೇ ಖಚಿತವಾದ ಪತ್ತೇದಾರ ಒಂದು ಪರಂಪರೆ. ಹುಡುಕುತ್ತಲೇ ಕುಗ್ಗುವ ಪತ್ತೇದಾರ ಇನ್ನೊಂದು. ಎರಡನೆಯದಕ್ಕೆ ಬೇಕಾದ ಸಾಧನ ಕನ್ನಡದಲ್ಲಿ ಇಲ್ಲದೆಯೇನೂ ಇಲ್ಲ. ‘ಕೇಳಿದೆ, ಹೋದೆ, ನಿಂತೆ’ ಎನ್ನುವಾಗ ಸರ್ವನಾಮವೇ ಬೇಕಿಲ್ಲ. ಕ್ರಿಯಾಪದದ ಕೊನೆ ಪುರುಷವನ್ನು ಹೇಳುತ್ತದೆ, ಲಿಂಗವನ್ನು ಹೇಳುವುದಿಲ್ಲ. ಹೆಸರಿಲ್ಲದೆ, ‘ನಾನು’ ಎಂದೂ ಹೇಳಿಕೊಳ್ಳದೆ ಇಡೀ ಕಾದಂಬರಿಯನ್ನು ನಿರೂಪಿಸುವ ಅವಕಾಶ ಕನ್ನಡಕ್ಕಿದೆ.

3. ವರ್ಣನೆ

ಕನ್ನಡದಲ್ಲಿ ಕಾಣೆಯಾದವರ ಹುಡುಕಾಟವನ್ನು ಭಾಷೆಯ ಪ್ರಶ್ನೆಯಾಗಿಯೂ ಕಾಣಿಸಿದ ಕೃತಿ ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಇಲ್ಲಿ ಪತ್ತೇದಾರನಿಲ್ಲ, ಅಲ್ಝೈಮರ್ ಕಾಯಿಲೆಯ ತಂದೆ ವೆಂಕೋಬ ರಾವ್ ಬೆಂಗಳೂರಿನಲ್ಲಿ ಕಾಣೆಯಾಗುತ್ತಾರೆ, ಹುಡುಕುವವನು ಮಗ ಶಿವ. ಶೀರ್ಷಿಕೆಯು ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳ ಸಿದ್ಧಶೈಲಿಯಿಂದ ಎತ್ತಿಕೊಂಡದ್ದು.

ಕೀತ್ ಡೊನೆಲನ್ 1966ರ ಲೇಖನದಲ್ಲಿ ನಿಶ್ಚಿತ ವರ್ಣನೆಗಳ ಎರಡು ಬಳಕೆಗಳನ್ನು ಬೇರ್ಪಡಿಸಿದ್ದು ಓದುಗರಿಗೆ ನೆನಪಿರಬಹುದು. ‘ಸ್ಮಿತ್‌ನ ಕೊಲೆಗಾರ’ ಎಂಬ ಮಾತು, ಆತ ಯಾರೇ ಆಗಿರಲಿ ಆ ಗುಣವುಳ್ಳವನನ್ನು ಹೇಳಬಹುದು; ಅಥವಾ ಕಣ್ಣೆದುರಿನ ಒಬ್ಬನತ್ತ ಬೆರಳು ಮಾಡಬಹುದು. ಪ್ರಕಟಣೆಯ ವರ್ಣನೆ ಎರಡೂ ಕೆಲಸಗಳಲ್ಲಿ ಸೋಲುತ್ತದೆ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು ಎಂಬುದು ಸಾವಿರಾರು ಜನರಿಗೆ ಹೊಂದುವುದರಿಂದ ಅಪರಿಚಿತನಿಗೆ ಅದು ಯಾರನ್ನೂ ಗುರುತಿಸಿಕೊಡದು. ತಂದೆಯನ್ನು ಬಲ್ಲವನಿಗೆ ಅದು ಬೇಕಾಗಿಯೇ ಇಲ್ಲ. ಚಿತ್ರದ ಬಲವಿರುವುದು ಈ ಸೋಲನ್ನು ಮಗನ ಸೋಲಾಗಿ ಕಂಡದ್ದರಲ್ಲಿ. ತಂದೆಯ ಬಗ್ಗೆ ಪ್ರಕಟಣೆಯ ಭಾಷೆಗಿಂತ ಹೆಚ್ಚಿನದೇನೂ ತನ್ನಲ್ಲಿಲ್ಲವೆಂಬುದು ಹುಡುಕಾಟದಲ್ಲಿ ಅವನಿಗೆ ಅರಿವಾಗುತ್ತದೆ.

4. ವಿಚಾರಣೆ

ಮಗನ ಜಾಗದಲ್ಲಿ ಖಾಸಗಿ ಪತ್ತೇದಾರನನ್ನು ನಿಲ್ಲಿಸಿದರೆ ತೊಡಕು ಇನ್ನೊಂದು ಬಗೆಯದು. ಅವನಿಗೆ ಅಧಿಕಾರವಿಲ್ಲ. ಖಾಸಗಿ ಪತ್ತೇದಾರಿ ಸಂಸ್ಥೆಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು, ಕಾಯಿದೆಯಾಗಲಿಲ್ಲ. ಉತ್ತರ ಕೊಡಲೇಬೇಕೆಂದು ಯಾರನ್ನೂ ಒತ್ತಾಯಿಸಲಾರದ ಅವನಿಗಿರುವ ಸಲಕರಣೆ ಮಾತು ಮಾತ್ರ. ಇಂಗ್ಲಿಷಿನಲ್ಲಿ ಅವನು ಕೋಟ್ಯಧೀಶನಿಗೂ ಲಿಫ್ಟಿನ ಹುಡುಗನಿಗೂ ಒಂದೇ ಮಧ್ಯಮಪುರುಷ ಸರ್ವನಾಮ ಬಳಸುತ್ತಾನೆ. ಅವನ ಉದ್ಧಟತನಕ್ಕೆ ಆ ಸಮಾನತೆಯ ಆಸರೆಯಿದೆ. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ‘ನೀನು’ ಅಥವಾ ‘ನೀವು’ ಎಂದು ನಿರ್ಧರಿಸಬೇಕು. ಪೊಲೀಸನ ‘ನೀನು’ವಿನ ಹಿಂದೆ ಠಾಣೆಯಿದೆ, ಖಾಸಗಿ ಪತ್ತೇದಾರನ ‘ನೀನು’ವಿನ ಹಿಂದೆ ಏನೂ ಇಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ದಕ್ಷಿಣ ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿ ಹಳೆಯ ಊರಿನ ಮನೆಗಳು, ಬನಶಂಕರಿ ಮೂರನೆಯ ಹಂತದ ಬಡಾವಣೆಗಳು, ವಿದ್ಯಾರ್ಥಿಗಳ ಬಾಡಿಗೆ ಕೋಣೆಗಳು, ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿವೆ. ಒಂದೇ ಬೀದಿಯಲ್ಲಿ ಗೌರವಸೂಚನೆಯ ಹಲವು ರೂಢಿಗಳು ಎದುರಾಗುವ ಇಂಥ ಜಾಗ ನಮ್ಮ ಪ್ರಶ್ನೆಗೆ ತಕ್ಕುದು. ಮಹಡಿಯ ಮನೆಯ ಬಾಡಿಗೆದಾರನೊಬ್ಬ ಕಾಣೆಯಾಗಿದ್ದಾನೆ. ಪತ್ತೇದಾರ ಕೆಳಗಿನ ಅಂಗಡಿಯಲ್ಲಿ ವಿಚಾರಿಸುತ್ತಾನೆ. ಉತ್ತರ ಹೀಗೆಲ್ಲ ಬರಬಹುದು (ಉದಾಹರಣೆಗಳು ನಾವೇ ರಚಿಸಿದವು):

(1) ಊರಿಗೆ ಹೋದ್ರು.
(2) ಊರಿಗೆ ಹೋದ.
(3) ಊರಿಗೆ ಹೋದ್ರಂತೆ.
(4) ಊರಿಗೆ ಹೋದ್ನಂತೆ.

ಇಂಗ್ಲಿಷಿನ ಮೂರೇ ಪದಗಳ ಸಾದಾ ವಾಕ್ಯವೊಂದು ಈ ನಾಲ್ಕಕ್ಕೂ ಸಾಲುತ್ತದೆ; ಕನ್ನಡದ ಪತ್ತೇದಾರನಿಗೆ ಇವು ನಾಲ್ಕು ಬೇರೆ ಬೇರೆ ಸಾಕ್ಷ್ಯಗಳು. (1) ಮತ್ತು (2)ರ ನಡುವಿನ ಅಂತರ ಹೇಳುವವರಿಗೂ ಕಾಣೆಯಾದವನಿಗೂ ಇದ್ದ ಸಂಬಂಧದ್ದು: ಸಲುಗೆ, ವಯಸ್ಸು, ತಿರಸ್ಕಾರ, ತೀರದ ಬಾಕಿ ಯಾವುದೂ ಇರಬಹುದು. ನಿನ್ನೆಯವರೆಗೆ ‘ಅವರು’ ಎನ್ನುತ್ತಿದ್ದ ಮನೆಯೊಡೆಯ ಇಂದು ‘ಅವನು’ ಎಂದರೆ ನಡುವೆ ಏನೋ ನಡೆದಿದೆ. (3) ಮತ್ತು (4)ರ ‘-ಅಂತೆ’ ಸುದ್ದಿಯ ಮೂಲವನ್ನು ಕುರಿತದ್ದು: ಹೇಳುವವರು ಕಂಡದ್ದಲ್ಲ, ಕೇಳಿದ್ದು. ಆಗ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ‘ಯಾರು ಹೇಳಿದ್ರು?’ ಮೊದಲು ‘ಹೋದ್ರಂತೆ’ ಎಂದವರು ಎರಡನೆಯ ಸಲ ‘ಹೋದ್ರು’ ಎಂದರೆ, ಒಂದೋ ಅವರು ಮೊದಲು ತಾವು ಕಂಡದ್ದನ್ನು ಮರೆಸಿದ್ದರು, ಇಲ್ಲವೇ ಈಗ ಕಾಣದ್ದನ್ನು ಕಂಡಂತೆ ಹೇಳುತ್ತಿದ್ದಾರೆ. ಪತ್ತೇದಾರನ ಇಡೀ ವೃತ್ತಿಯೇ ಒಂದೊಂದಾಗಿ ‘-ಅಂತೆ’ಗಳನ್ನು ಕಳಚುವುದು.

ಕನ್ನಡದ ಪತ್ತೇದಾರಿ ಸಂಭಾಷಣೆಯನ್ನು ತೂಗುವಾಗ ನಾವು ಕೇಳಬೇಕಾದದ್ದು ಇದನ್ನೇ: ಪಾತ್ರಗಳ ಪ್ರತ್ಯಯಗಳು ಬದಲಾಗುತ್ತವೆಯೇ, ಬದಲಾದುದನ್ನು ಪತ್ತೇದಾರ ಗಮನಿಸುತ್ತಾನೆಯೇ? ಎಲ್ಲರೂ ಎಲ್ಲರನ್ನೂ ಒಂದೇ ಗ್ರಾಂಥಿಕ ‘ಅವರು’ವಿನಲ್ಲಿ ನೆನೆಯುವ ಸಂಭಾಷಣೆ ಎಷ್ಟೇ ಬಿರುಸಾಗಿದ್ದರೂ ಅನುವಾದದ ಬಿರುಸಾಗಿಯೇ ಉಳಿಯುತ್ತದೆ.

5. ಪತ್ತೆಯಾದ ಮೇಲೆ

ಮನೆಯವರಿಗೆ ಸುದ್ದಿ ಮುಟ್ಟಿಸುವ ಕೊನೆಯ ಹಂತದಲ್ಲಿ ಆಖ್ಯಾತಪ್ರತ್ಯಯದ ಭಾರ ಇನ್ನೂ ಹೆಚ್ಚು. ಜೀವಂತ ವಯಸ್ಕರು ‘ಪತ್ತೆಯಾಗಿದ್ದಾರೆ’. ಕರ್ತೃಪದವನ್ನು ಬಿಟ್ಟು ಫೋನಿನಲ್ಲಿ ‘ಪತ್ತೆಯಾಗಿದೆ’ ಎಂದಷ್ಟೇ ಹೇಳಿದರೆ ಕೇಳಿದವರು ಕುಸಿದು ಕೂರಬಹುದು. ನಪುಂಸಕಲಿಂಗದ ಆ ಪ್ರತ್ಯಯಕ್ಕೆ ಹೊಂದುವ ಕರ್ತೃ ಶವ, ದೇಹ. ಇದು ನಿಯಮವಲ್ಲ, ಒಲವು. ‘ಮಗು ಪತ್ತೆಯಾಗಿದೆ’ ಎಂಬುದು ಸಂತಸದ ಸುದ್ದಿ, ಏಕೆಂದರೆ ‘ಮಗು’ ವ್ಯಾಕರಣದಲ್ಲಿ ನಪುಂಸಕ. ಪತ್ರಿಕೆಗಳು ‘ಶವವಾಗಿ ಪತ್ತೆಯಾಗಿದ್ದಾರೆ’ ಎಂದೂ ಬರೆಯುವುದುಂಟು. ಅಲ್ಲಿ ಸತ್ತ ಮೇಲೂ ವ್ಯಕ್ತಿಯೇ ಕರ್ತೃ. ಹಾಗಾದರೆ ಸತ್ತವರನ್ನು ವ್ಯಕ್ತಿಯಾಗಿ ಉಳಿಸಿಕೊಳ್ಳುವುದೋ ವಸ್ತುವಾಗಿ ಒಪ್ಪಿಸುವುದೋ ಎಂಬುದು ಸುದ್ದಿ ಹೇಳುವವನ ಆಯ್ಕೆ, ಅವನ ಹೊಣೆ.

ಇದೇ ನಿರ್ದೇಶಕರ ‘ಕವಲುದಾರಿ’ (2019) ಈ ಆಯ್ಕೆಯ ಬೆನ್ನು ಹತ್ತಿದ ಚಿತ್ರವೆಂದು ನಾವು ಓದುತ್ತೇವೆ. ಮೆಟ್ರೋ ಕಾಮಗಾರಿಯ ನೆಲದಿಂದ ಅಸ್ಥಿಗಳು ಹೊರಬರುತ್ತವೆ. ವ್ಯಾಕರಣದಲ್ಲಿ ಅವು ‘ಸಿಕ್ಕಿವೆ’, ಅಷ್ಟೇ. ಅವು ದಶಕಗಳ ಹಿಂದೆ ಕಾಣೆಯಾದ ಕುಟುಂಬವೊಂದರತ್ತ ಬೊಟ್ಟು ಮಾಡುತ್ತವೆ. ತನಿಖೆಯ ಅಧಿಕಾರವಿಲ್ಲದ ಸಂಚಾರ ಪೊಲೀಸ್ ಅಧಿಕಾರಿ ಶ್ಯಾಮ್, ಸೇವೆಯಿಂದ ಹೊರಬಿದ್ದ ಮುತ್ತಣ್ಣ ಇಬ್ಬರೂ ಸಮವಸ್ತ್ರದ ಲೋಕಕ್ಕೆ ಸೇರಿದವರೇ ಆದರೂ ಪಾತ್ರಸ್ಥಾನದಲ್ಲಿ ಖಾಸಗಿ ಪತ್ತೇದಾರರು. ‘ಅವು’ ಎಂದು ಎಣಿಸಲಾದವುಗಳನ್ನು ‘ಅವರು’ ಎಂದು ಕರೆಯುವಂತೆ ಮಾಡುವುದೇ ಅವರ ಕೆಲಸ. ಹಿಂದಿನ ಚಿತ್ರದಲ್ಲಿ ಕಾಣೆಯಾಗುವ ತಂದೆ ಅನಂತ್ ನಾಗ್. ಇಲ್ಲಿ ಹುಡುಕುವ ಮುತ್ತಣ್ಣನೂ ಅವರೇ.

6. ಸಮಾರೋಪ

ಕನ್ನಡದಲ್ಲಿ ಹಾರ್ಡ್‌ಬಾಯಿಲ್ಡ್ ಕಥನದ ಕೊರತೆಯನ್ನು ಸಾಮಾಜಿಕ ಕಾರಣಗಳಿಂದ ವಿವರಿಸುವುದು ಸುಲಭ: ನಮ್ಮಲ್ಲಿ ಅಂಥ ವೃತ್ತಿಯಿಲ್ಲ, ಬಂದೂಕಿಲ್ಲ, ಆ ನಗರವಿಲ್ಲ. ಭಾಷೆಯ ಕಡೆಯಿಂದ ನೋಡಿದರೆ ಕೊರತೆ ಸಾಮಗ್ರಿಯದಲ್ಲ, ಗಮನದ್ದು. ಗೌರವಬಹುವಚನ, ‘-ಅಂತೆ’, ಲಿಂಗಸೂಚಕ ಆಖ್ಯಾತಪ್ರತ್ಯಯ ಇವನ್ನು ನಾವು ತರಗತಿಯಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಕಲಿಸುತ್ತೇವೆ. ಕಾಣೆಯಾದವರ ಬಗ್ಗೆ ಆಡುವ ಮಾತಿನಲ್ಲಿ ಇವು ಒಟ್ಟಿಗೆ ಕೆಲಸ ಮಾಡುತ್ತವೆ, ಅದೂ ತಪ್ಪಿದರೆ ಯಾರದೋ ಮನೆಗೆ ನೋವು ತಟ್ಟುವ ಸಂದರ್ಭದಲ್ಲಿ. ಪ್ರಕಟಣೆಗಳು, ಠಾಣೆಯ ದೂರುಗಳು, ವರದಿಗಳು, ಕಾದಂಬರಿಗಳು ಇವನ್ನೆಲ್ಲ ಒಂದೇ ಸಂಗ್ರಹವಾಗಿ ಓದುವ ಕೆಲಸವನ್ನು ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲೆಂಬುದು ನಮ್ಮ ಆಶಯ. ಅಲ್ಲಿಯವರೆಗೆ, ಕನ್ನಡದ ಯಾವುದೇ ಪತ್ತೇದಾರಿ ಕೃತಿಯನ್ನು ಓದುವಾಗ ಕೋಟನ್ನೂ ಹೊಗೆಯನ್ನೂ ಬದಿಗಿಟ್ಟು ಕ್ರಿಯಾಪದದ ಕೊನೆಯನ್ನು ನೋಡುವುದು ವಿಮರ್ಶೆಗೆ ಒಳ್ಳೆಯ ಮೊದಲ ಹೆಜ್ಜೆಯಾದೀತು.