ಸತ್ತವರ ಮನೆಯವರು ಎಲ್ಲಿ ಕೂರಬೇಕು?

ಜೈಲಿನವರ ನಾಟಕ ಅಂದ ತಕ್ಷಣ ಮೈಸೂರಲ್ಲಿ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು: ರಂಗಭೂಮಿ ಇವರ ಮನಸ್ಸನ್ನು ಬದಲಿಸಿತು. ಇರಬಹುದು. ಆದರೆ ನಾಟಕದ ಬಗ್ಗೆ ಮಾತೇ ಆಡದೆ ನಟರಿಗೆ ಒಳ್ಳೇ ನಡತೆಯ ಸರ್ಟಿಫಿಕೇಟ್ ಕೊಟ್ಟು ಕಳಿಸೋದು ಯಾವ ಸೀಮೆ ವಿಮರ್ಶೆ?

1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿ. 'ಸಂಕಲ್ಪ' ತಂಡದ ಮೂಲಕ ಜೈಲಿನೊಳಗೆ ಹೋಗಿ ಕೈದಿಗಳಿಗೆ ನಾಟಕ ಕಲಿಸಿದರು. ಪೊಲೀಸ್ ಕಾವಲಿನಲ್ಲೇ ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ನಟರಲ್ಲಿ ಜೀವಾವಧಿ ಶಿಕ್ಷೆ ಆದವರಿದ್ದರು. ಅವರು ಆಡಿದ ನಾಟಕಗಳಲ್ಲಿ ಒಂದು ಎಚ್.ಎಸ್. ಶಿವಪ್ರಕಾಶರ 'ಮಾರನಾಯಕನ ದೃಷ್ಟಾಂತ', ಅಂದ್ರೆ ಕನ್ನಡಕ್ಕೆ ಬಂದ ಮ್ಯಾಕ್‌ಬೆತ್. ಕೊಂದವರ ಕೈಗೆ ಕೊಲೆಯ ನಾಟಕ! ನಮ್ಮ ಆಫೀಸುಗಳಲ್ಲಿ ಸ್ಟ್ರೆಸ್ ಕಡಿಮೆ ಮಾಡೋಕೆ ಅಂತ ಆಡಿಸೋ ಥಿಯೇಟರ್ ಆಟಗಳಲ್ಲಿ ಗಾಯದ ಹತ್ತಿರಕ್ಕೂ ಯಾರೂ ಹೋಗಲ್ಲ. ಇಲ್ಲಿ ನೇರವಾಗಿ ಗಾಯಕ್ಕೇ ಕೈ ಹಾಕಿದ್ದಾರೆ.

ಮ್ಯಾಕ್‌ಬೆತ್ ಅಂದ್ರೆ ನಮಗೆಲ್ಲ ನೆನಪಾಗೋದು ನಿದ್ದೆಯಲ್ಲಿ ನಡೆಯುತ್ತ ಕೈ ತೊಳೆಯೋ ಹೆಂಗಸು. ಪಶ್ಚಾತ್ತಾಪದ ಕಥೆ ಬೇಕಾದವರಿಗೆ ಅಷ್ಟು ಸಾಕು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಶೇಕ್ಸ್‌ಪಿಯರ್‌ನ ಮೂಲದಲ್ಲಿ ನಾಲ್ಕನೇ ಅಂಕದ ಕೊನೆಗೆ ಬರುವ ದೃಶ್ಯ. ದೇಶ ಬಿಟ್ಟು ಬಂದಿರೋ ಮ್ಯಾಕ್‌ಡಫ್‌ಗೆ ಸುದ್ದಿ ಬರುತ್ತೆ: ಹೆಂಡತಿ, ಮಕ್ಕಳು, ಆಳುಕಾಳು, ಯಾರನ್ನೂ ಉಳಿಸಿಲ್ಲ. ಅವನ ತಲೆಗೆ ಅದು ಇಳಿಯಲ್ಲ. ಮಕ್ಕಳೂನಾ, ಹೆಂಡತೀನೂನಾ ಅಂತ ಕೇಳಿದ್ದನ್ನೇ ಕೇಳ್ತಾನೆ. ಪಕ್ಕದಲ್ಲಿರೋ ರಾಜಕುಮಾರ ಗಂಡಸಿನ ಹಾಗೆ ಎದುರಿಸು ಅಂದ್ರೆ, ಎದುರಿಸ್ತೀನಿ, ಆದ್ರೆ ಮನುಷ್ಯನಾಗಿ ಸಂಕಟಾನೂ ಪಡಬೇಕಲ್ಲ ಅನ್ನೋ ಅರ್ಥದ ಉತ್ತರ ಕೊಡ್ತಾನೆ.

ಕೊಲೆ ಮಾಡಿ ಒಳಗಿರುವವನೊಬ್ಬ ಈ ಪಾತ್ರ ಮಾಡಬೇಕು ಅಂದ್ಕೊಳ್ಳಿ. ಕೋರ್ಟಿನಲ್ಲಿ ಅವನು ತನ್ನ ಕೃತ್ಯವನ್ನು ಸೆಕ್ಷನ್ನು, ಸಾಕ್ಷಿ, ಪಂಚನಾಮೆಗಳ ಭಾಷೆಯಲ್ಲಿ ಕೇಳಿರ್ತಾನೆ. ಇಲ್ಲಿ, ಯಾರದೋ ಮನೆಬಾಗಿಲಿಗೆ ತನ್ನಿಂದ ಹೋದಂಥದ್ದೇ ಸುದ್ದಿಯನ್ನು ದಿನಾ ರಿಹರ್ಸಲ್‌ನಲ್ಲಿ ತಾನೇ ಬರಮಾಡಿಕೊಳ್ಳಬೇಕು. ಸರಿಯಾಗಿ ಬರಲಿಲ್ಲ ಅಂದ್ರೆ ನಿರ್ದೇಶಕರು ಮತ್ತೆ ಮಾಡು ಅಂತಾರೆ. ನಾಟಕದಿಂದ ಏನಾದರೂ ವಾಸಿಯಾಗೋದಿದ್ರೆ ಅದು ಈ 'ಮತ್ತೆ ಮಾಡು'ವಿನಲ್ಲಿ ಆಗುತ್ತೆ. ನಾವು ಚಪ್ಪಾಳೆ ತಟ್ಟೋ ಹೊತ್ತಿಗೆ ಆಗೋದೆಲ್ಲ ಆಗಿರುತ್ತೆ.

ಆದರೂ ಒಂದು ತಕರಾರಿದೆ, ಅದು ಕಟ್ಟೀಮನಿಯವರ ಮೇಲಲ್ಲ, ನಮ್ಮಂಥ ಪ್ರೇಕ್ಷಕರ ಮೇಲೆ. ಹಳ್ಳಿಗಳಲ್ಲಿ ಸಾವಾದ ಮನೇಲಿ ಹೆಂಗಸರು ಹಾಡಿ ಹಾಡಿ ಅಳ್ತಾರಲ್ಲ, ನೋಡಿದ್ದೀರಾ? ಸತ್ತವನ ಗುಣಗಾನ ಮಾಡ್ತಾರೆ, ಬಿಟ್ಟುಹೋದೆಯಲ್ಲೋ ಅಂತ ಬೈತಾರೆ, ಬಂದವಳು ತಬ್ಬಿಕೊಂಡು ತಾನೂ ರಾಗ ತೆಗೀತಾಳೆ. ಅದೂ ಪ್ರದರ್ಶನ ಕಲೆಯೇ, ಆದರೆ ಅಲ್ಲಿ ನಡುವೆ ಕೂತಿರೋದು ಕಳಕೊಂಡವಳು. ಜೈಲಿನ ನಾಟಕದ ಬಗ್ಗೆ ನಾವಾಡೋ ಮಾತಲ್ಲಿ ಅವಳಿಲ್ಲ. ಕೈದಿ ಬದಲಾದ, ನಮ್ಮ ಕಣ್ಣು ತೇವ ಆಯ್ತು, ಲೆಕ್ಕ ಚುಕ್ತಾ. ಅವಳು ಬಂದು ನಾಟಕ ನೋಡಬೇಕು, ಕ್ಷಮಿಸಬೇಕು ಅಂತ ಬಯಸೋದೂ ದುರಾಸೆಯೇ. ಅವಳ ಸಂಕಟ ಯಾರ ಚಿಕಿತ್ಸೆಗೂ ಔಷಧಿ ಅಲ್ಲ.

ಹಾಗಾಗಿ ಮುಂದಿನ ಸಲ ಕೈದಿಗಳ ನಾಟಕ ಅಂತ ಪೋಸ್ಟರ್ ಕಂಡ್ರೆ ನಾನು ಖಂಡಿತ ಹೋಗ್ತೀನಿ. ರಾಜನ ಪಾತ್ರ ಯಾರದು ಅಂತ ಅಲ್ಲ, ಸುದ್ದಿ ಕೇಳಿಸಿಕೊಳ್ಳೋ ಪಾತ್ರ ಯಾರದು ಅಂತ ಹುಡುಕ್ತೀನಿ.