ಕಲ್ಲು ನಿಜ, ಕಥೆ ಕಲ್ಪಿತ

ಮೂಕಿ ಚಿತ್ರಗಳ ಚಾರಿತ್ರಿಕ ನಿಷ್ಠೆಯನ್ನು ಅಳೆಯಲು ಹೊರಟ ವಿಮರ್ಶೆ ಬಹುಮಟ್ಟಿಗೆ ತಪ್ಪುಗಳ ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಆದರೆ ಧನಂಜಯನ ‘ದಶರೂಪಕ’ವು ರೂಪಕಗಳ ಕಥಾವಸ್ತುವನ್ನು ಇತಿಹಾಸ ಪುರಾಣಗಳಿಂದ ಬಂದ ‘ಪ್ರಖ್ಯಾತ’, ಕವಿ ಕಲ್ಪಿಸಿದ ‘ಉತ್ಪಾದ್ಯ’, ಇವೆರಡೂ ಬೆರೆತ ‘ಮಿಶ್ರ’ ಎಂದು ಮೂರಾಗಿ ವಿಂಗಡಿಸುತ್ತದೆ. ಆ ವಿಂಗಡಣೆಯನ್ನು ಮೂಕಿ ತೆರೆಗೆ ಅನ್ವಯಿಸಿದರೆ ಯಾವ ಚಿತ್ರ ಯಾವುದಕ್ಕೆ ಉತ್ತರ ಹೇಳಬೇಕೆಂಬುದು ತಿಳಿಯಾಗುತ್ತದೆ.

ಮೋಹನ್ ಭವನಾನಿ ನಿರ್ದೇಶಿಸಿದ, ಟಿ.ಪಿ. ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಹಾಗೂ ಏಣಾಕ್ಷಿ ರಾಮರಾವ್ ಅಭಿನಯಿಸಿದ ‘ಮೃಚ್ಛಕಟಿಕ’ ಕನ್ನಡ ನಾಡಿನ ಮೂಕಿ ಯುಗದ ಹೆಸರಾಂತ ಚಿತ್ರ. ಶೂದ್ರಕನ ಮೂಲಕೃತಿ ‘ಪ್ರಕರಣ’, ಅಂದರೆ ಕಲ್ಪಿತ ಕಥೆಯುಳ್ಳ ರೂಪಕವಾದ್ದರಿಂದ ಚಾರುದತ್ತ ವಸಂತಸೇನೆಯರ ಪ್ರಣಯಕ್ಕೆ ಶಾಸನದ ಆಧಾರ ಕೇಳುವಂತಿಲ್ಲ. ಕೇಳಬೇಕಾದದ್ದು ವಸ್ತುಗಳ ಲೆಕ್ಕವನ್ನು. ಮಣ್ಣಿನ ಬಂಡಿ ಬೇಡವೆಂದು ಅಳುವ ಚಾರುದತ್ತನ ಮಗು ಚಿನ್ನದ ಬಂಡಿ ಮಾಡಿಸಿಕೊಳ್ಳಲೆಂದು ವಸಂತಸೇನೆ ತನ್ನ ಒಡವೆಗಳನ್ನು ಅದೇ ಬಂಡಿಗೆ ತುಂಬುತ್ತಾಳೆ. ಆ ಒಡವೆಗಳೇ ಮುಂದೆ ನ್ಯಾಯಸಭೆಯಲ್ಲಿ ವಿದೂಷಕನ ಕಂಕುಳಿನಿಂದ ಉದುರಿ, ಚಾರುದತ್ತನ ಮೇಲಿನ ವಸಂತಸೇನೆಯ ಕೊಲೆಯ ಆರೋಪವನ್ನು ಗಟ್ಟಿಮಾಡುತ್ತವೆ. ಮಾತಿಲ್ಲದ ತೆರೆಯಲ್ಲಿ ಇಂಥ ಕಥೆಯನ್ನು ಒಡವೆಯೇ ಹೇಳಬೇಕಾದ್ದರಿಂದ, ಅದರ ಆಕಾರ ಕಾಲೋಚಿತವಾಗಿರುವುದು ಬರಿಯ ಅಲಂಕಾರದ ಪ್ರಶ್ನೆಯಲ್ಲ.

ಏಣಾಕ್ಷಿ ರಾಮರಾವ್ ಅವರೇ ನಾಯಕಿಯಾಗಿದ್ದ, ಫ್ರಾಂಜ್ ಓಸ್ಟೆನ್ ನಿರ್ದೇಶನದ ‘ಶಿರಾಜ್’ (1928) ಮಿಶ್ರ ವಸ್ತುವಿಗೆ ಒಳ್ಳೆಯ ನಿದರ್ಶನ. ಅದರಲ್ಲಿ ಕಾಣುವ ತಾಜ್‌ಮಹಲ್ ನಿಜವಾದದ್ದು. ಅದರ ವಿನ್ಯಾಸಕಾರನೆಂದು ತೋರಿಸಲಾದ ಕುಂಬಾರರ ಮನೆಯ ಶಿರಾಜ್ ಕಲ್ಪಿತ. ಪರಂಪರೆ ಆ ಕೀರ್ತಿಯನ್ನು ಉಸ್ತಾದ್ ಅಹಮದ್ ಲಾಹೋರಿಗೆ ಕೊಡುತ್ತದೆ. ಅಂಥದೇ ಇನ್ನೊಂದು ಕಟ್ಟಡ ಏಳಬಾರದೆಂದು ಶಿಲ್ಪಿಯ ಕಣ್ಣು ಕೀಳಿಸುವ ಪ್ರಸಂಗಕ್ಕೂ ಜನಜನಿತ ಐತಿಹ್ಯವೇ ಬೇರು. ಇನ್ನು ಮುಮ್ತಾಜ್, ಅಂದರೆ ಅರ್ಜುಮಂದ್ ಬಾನು, ಆಸಫ್ ಖಾನನ ಮಗಳು, ನೂರ್‌ಜಹಾನಳ ಸೋದರ ಸೊಸೆ. ಮುಂದೆ ಷಹಜಹಾನನಾದ ಖುರ್ರಮನೊಂದಿಗೆ 1612ರಲ್ಲಿ ಮದುವೆಯಾದವಳು. ಚಿತ್ರವು ಅವಳನ್ನು ಕುಂಬಾರರು ಸಾಕಿ ಬೆಳೆಸಿದ, ಗುಲಾಮಳಾಗಿ ಮಾರಾಟವಾದ ಸೆಲಿಮಾ ಆಗಿಸುತ್ತದೆ.

ಈ ಎರಡು ಸ್ವಾತಂತ್ರ್ಯಗಳು ಸಮಾನವಲ್ಲ. ಸಾವಿರಾರು ಕುಶಲಕರ್ಮಿಗಳ ಬಾಳಿನ ಬಗ್ಗೆ ಚರಿತ್ರೆ ಮೌನವಾಗಿರುವಲ್ಲಿ ಒಬ್ಬ ಕುಂಬಾರನನ್ನು ಕಲ್ಪಿಸುವುದು ಆ ಮೌನಕ್ಕೆ ಕಲೆ ಕೊಡುವ ಉತ್ತರ. ದಾಖಲೆಯುಳ್ಳ ರಾಣಿಯ ಬಾಲ್ಯವನ್ನೇ ಬದಲಿಸುವುದು ದಾಖಲೆಯ ಮೇಲೆ ಮಸಿ ಬಳಿದಂತೆ. ನೋಡುಗರು ನಿಜವಾದ ಅಮೃತಶಿಲೆಯ ಸಾಕ್ಷ್ಯವನ್ನು ನಂಬಿ ಕಥೆಯನ್ನೂ ನಂಬಿಬಿಡುವ ಸಂಭವವಿರುವುದರಿಂದ, ಹಿನ್ನೆಲೆ ಅಪ್ಪಟವಾದಷ್ಟೂ ಕಲ್ಪನೆಯ ಹೊಣೆ ಹೆಚ್ಚುತ್ತದೆ.