486ರ ಮೇಲೆ ಕಂದಪದ್ಯ

ಫ್ಲಾಪಿ ಡ್ರೈವ್ ಕುರಿತ ಕಳೆದ ವಾರದ ಬರಹ ಓದಿ ಚೆನ್ನೈಯ ಮಾಂಬಲಂನ ಓದುಗರೊಬ್ಬರು ಕಾಗದ ಹಾಕಿದ್ದಾರೆ. ರಿಚಿ ಸ್ಟ್ರೀಟ್‌ನಲ್ಲಿ ಡ್ರೈವ್ ಸಿಕ್ಕಿದೆ, ಮನೆಯ 486 ಯಂತ್ರ ಅದನ್ನು ಒಪ್ಪಿಕೊಂಡಿದೆ. ತಂದೆಯವರು ಕನ್ನಡ ಮೂಡಿಸುವ ಜಿಸ್ಟ್ ಕಾರ್ಡ್ ಇಟ್ಟುಕೊಂಡು ಬೆರಳಚ್ಚು ಮಾಡಿದ್ದ ಹಳಗನ್ನಡ ಪದ್ಯಗಳೆಲ್ಲ ಇಸ್ಕಿ ಸಂಕೇತದ ಕಡತಗಳಾಗಿ ಹಾಗೇ ಉಳಿದಿವೆಯಂತೆ. ಡಾಸ್‌ನಲ್ಲೇ ಕೂತು ಅವುಗಳಲ್ಲಿ ಹುಡುಕಲು, ಎಣಿಸಲು, ತಿದ್ದಲು ಯಾವ ಭಾಷೆ ಹಾಕಿಕೊಳ್ಳಲಿ ಎಂಬುದು ಅವರ ಪ್ರಶ್ನೆ.

ನನ್ನ ಉತ್ತರ ಹಳಬರಿಗೆ ಗೊತ್ತೇ ಇದೆ: ಆಕ್. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಹಾನ್ ಕಟ್ಟಿದ ಈ ಪುಟ್ಟ ಭಾಷೆಗೆ ಸಮನಾದದ್ದನ್ನು ನಾನು ಕಂಡಿಲ್ಲ. 1988ರಲ್ಲಿ ಆ ಮೂವರೇ ಬರೆದ ಪುಸ್ತಕ ತೆಳ್ಳಗಿದೆ. ಒಂದು ಸಾಲೂ ದಂಡವಲ್ಲ. ಯಂತ್ರ 386 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಡಿಜೆಜಿಪಿಪಿ ಸಂಗ್ರಹದ ಗ್ನು ಆಕ್ ತೆಗೆದುಕೊಳ್ಳಿ. ಜೊತೆಗೆ ಸಿಡಬ್ಲ್ಯುಎಸ್‌ಡಿಪಿಎಂಐ ಎಂಬ ಕಡತವೂ ಬೇಕು. ಅದಿಲ್ಲದೆ ಬರಿಯ ಡಾಸ್‌ನಲ್ಲಿ ಆಕ್ ಏಳುವುದಿಲ್ಲ. ಆಜ್ಞೆಯ ಸಾಲಿಗೆ ಡಾಸ್ ಕೊಡುವುದು 127 ಅಕ್ಷರಗಳ ಜಾಗ ಮಾತ್ರ. ಒಂಟಿ ಉದ್ಧರಣ ಚಿಹ್ನೆಯೂ ಅದಕ್ಕೆ ಅರ್ಥವಾಗದು. ಆದ್ದರಿಂದ ಪ್ರೋಗ್ರಾಮನ್ನು ಬೇರೆ ಕಡತದಲ್ಲಿ ಬರೆದು ಓದಿಸಿ.

ಪದಪಟ್ಟಿ ಮಾಡಿದ ಮೇಲೆ ಡಾಸ್‌ನ ಸಾರ್ಟ್ ಆಜ್ಞೆಗೆ ಮಾತ್ರ ಅದನ್ನು ಒಪ್ಪಿಸಬೇಡಿ. ದೊಡ್ಡ ಕಡತ ಅದಕ್ಕೆ ಹಿಡಿಸದು ಎಂಬುದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಇಸ್ಕಿಯಲ್ಲಿ ‘ಅ’ 164, ‘ಆ’ 165. ಅಮೆರಿಕದ 437ನೇ ಕೋಡ್ ಪೇಜ್‌ನಲ್ಲಿ ಅವೇ ಸಂಖ್ಯೆಗಳು ಸ್ಪ್ಯಾನಿಷಿನ, ತಲೆಯ ಮೇಲೆ ಗೆರೆಯಿರುವ ‘ಎನ್’ ಅಕ್ಷರದವು. ಸಾರ್ಟ್ ಆ ಲೆಕ್ಕದಲ್ಲೇ ವಿಂಗಡಿಸಿ ನಮ್ಮ ಅಕಾರಾದಿಯನ್ನು ಕಲಸಿಬಿಡುತ್ತದೆ. ವಿಂಗಡಣೆಯನ್ನೂ ಆಕ್‌ನಲ್ಲೇ ಬರೆದುಕೊಳ್ಳಿ.

ಇಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಮಾಡಬೇಕಿದೆ. ‘ಪರದೆಯ ಮೇಲೆ ಅಕ್ಷರ ಚೆಂದ ಕಂಡರೆ ಸಾಕು’ ಎನ್ನುವ ಪಂಥವೊಂದು ವಿಂಡೋಸ್ ಬಂದ ಕಾಲದಲ್ಲಿ ನಮ್ಮ ಪ್ರಕಾಶನ ಲೋಕವನ್ನೆಲ್ಲ ಆವರಿಸಿಕೊಂಡಿತು. ಆ ಪಂಥದವರ ಕಡತಗಳಲ್ಲಿರುವುದು ಫಾಂಟಿನ ಚೂರುಗಳು: ತಲೆಕಟ್ಟು, ಕೊಂಬು, ಒತ್ತು. ‘ಸೂರ್ಯ’ ಎಂದು ಬರೆದರೆ ಯಕಾರ ಮೊದಲು, ಅರ್ಕಾವೊತ್ತು ಆಮೇಲೆ. ನಾಲಗೆ ನುಡಿಯುವ ಕ್ರಮಕ್ಕೆ ತಿರುಗುಮುರುಗು. ಫಾಂಟ್ ಬದಲಾದರೆ ಸಂಖ್ಯೆಗಳೂ ಬದಲು. ಮುದ್ರಣಕ್ಕೆ ಇದು ನಡೆಯುತ್ತದೆ, ಪಠ್ಯಕ್ಕೆ ನಡೆಯುವುದಿಲ್ಲ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಉಚ್ಚಾರದ ಕ್ರಮದಲ್ಲೇ ಅಕ್ಷರಗಳನ್ನು ಇಡುತ್ತದೆ: ಸ, ಊಕಾರದ ಚಿಹ್ನೆ, ರ, ಹಲಂತ, ಯ. ಒಂದೊಂದಕ್ಕೂ ಒಂದೇ ಬೈಟ್. ವ್ಯಂಜನಗಳೆಲ್ಲ 179ರಿಂದ 216ರೊಳಗೆ, ಹಲಂತ 232. ಬೈಟುಗಳನ್ನಷ್ಟೇ ಬಲ್ಲ ಹಳೆಯ ಸಲಕರಣೆಗೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಯೂನಿಕೋಡ್ ಕೂಡ ಉಚ್ಚಾರದ ಕ್ರಮವನ್ನೇ ಉಳಿಸಿಕೊಂಡಿತು. ಯುಟಿಎಫ್-8 ಕಡತದಲ್ಲಿ ಮಾತ್ರ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಹಿಡಿಯುತ್ತದೆ. ಕಡತಗಳ ಒಂದು ಪ್ರತಿಯನ್ನು ಹೊಸ ಯಂತ್ರದಲ್ಲಿ ಖಂಡಿತ ಇಡಿ. ಕೆಲಸ 486ರಲ್ಲೇ ಆಗಲಿ.

ಆಕ್‌ನ ವರಸೆಗಳನ್ನು ಒಂದೊಂದಾಗಿ ವಿವರಿಸಬೇಕೆಂದೇ ಇವತ್ತು ಬರೆಯಲು ಕೂತದ್ದು. ಆದರೆ ಕಡತದಲ್ಲಿರುವುದು ಪದ್ಯ, ಅದರಲ್ಲೂ ಬಹುಪಾಲು ಕಂದ ಎಂದಮೇಲೆ ನನ್ನ ಮನಸ್ಸು ಸ್ನೋಬಾಲ್ ಎಂಬ ಇನ್ನೊಂದು ಭಾಷೆಯ ಕಡೆ ಓಡುತ್ತದೆ.

ಸ್ನೋಬಾಲ್ ಆಕ್‌ಗಿಂತ ಹಿರಿಯದು. 1962ರಲ್ಲಿ ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಫಾರ್ಬರ್, ಗ್ರಿಸ್‌ವೋಲ್ಡ್, ಪೊಲೊನ್ಸ್ಕಿ ಅದನ್ನು ಶುರು ಮಾಡಿದರು. ಮಾನವಿಕ ವಿಷಯಗಳವರಿಗೆಂದೇ ಸೂಸನ್ ಹಾಕಿ ಎಂಬವರು 1985ರಲ್ಲಿ ಅದರ ಕೈಪಿಡಿ ಬರೆದರು. ಕ್ಯಾಟ್ಸ್‌ಪಾ ಸಂಸ್ಥೆ ಡಾಸ್‌ಗಾಗಿ ಬಿಟ್ಟಿಯಾಗಿ ಹಂಚಿದ ವೆನಿಲಾ ಸ್ನೋಬಾಲ್4, 386ಕ್ಕಿಂತ ಹಳೆಯ ಯಂತ್ರದಲ್ಲೂ ಓಡುತ್ತದೆ. ಅದರ ಹೆಚ್ಚುಗಾರಿಕೆ ಇರುವುದು ಮಾದರಿಗಳಲ್ಲಿ. ಒಂದು ಮಾದರಿಯನ್ನು ಕಟ್ಟಿ, ಹೆಸರಿಟ್ಟು, ಅದನ್ನೇ ಇನ್ನೊಂದರೊಳಗೆ ಸೇರಿಸಬಹುದು. ವ್ಯಂಜನ ಎಂದರೇನು ಎಂದು ಒಮ್ಮೆ ಹೇಳಿ. ಅದರಿಂದ ಒತ್ತಕ್ಷರ ಕಟ್ಟಿ, ಒತ್ತಕ್ಷರದಿಂದ ಅಕ್ಷರ, ಅಕ್ಷರದಿಂದ ಲಘು, ಗುರು. ಲಘು ಗುರುಗಳಿಂದ ಗಣ, ಗಣಗಳಿಂದ ಸಾಲು.

ಇದು ನಾಗವರ್ಮನ ದಾರಿ. ಆತನ ಛಂದೋಗ್ರಂಥ ‘ಛಂದೋಂಬುಧಿ’ಯನ್ನು ತೆರೆದಾಗಲೆಲ್ಲ ನನಗೆ ಹಾಗೆನಿಸುತ್ತದೆ. ಲಘು ಗುರುಗಳನ್ನು ಹೇಳಿ, ಅವನ್ನು ಗಣವಾಗಿ ಕೂಡಿಸಿ, ಗಣಗಳಿಂದ ವೃತ್ತವನ್ನೂ ಕಂದವನ್ನೂ ಆತ ಎಬ್ಬಿಸುತ್ತಾನೆ. ಹತ್ತನೆಯ ಶತಮಾನದ ಈ ಗ್ರಂಥವನ್ನು ಕಿಟ್ಟೆಲ್ 1875ರಲ್ಲಿ ಮಂಗಳೂರಿನಿಂದ ಅಚ್ಚು ಹಾಕಿಸಿದರು. ಅದೇ ಕಿಟ್ಟೆಲರ 1894ರ ನಿಘಂಟನ್ನು ಮರಿಯಪ್ಪ ಭಟ್ಟರು ತಿದ್ದಿ ಬೆಳೆಸಿದಾಗ, 1968ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ನಮ್ಮ ಈ ಊರಿನ ಮದ್ರಾಸ್ ವಿಶ್ವವಿದ್ಯಾಲಯ. ಚೆನ್ನೈಯಲ್ಲಿ ಕೂತು ಕನ್ನಡ ಪಠ್ಯವನ್ನು ಬೆರಳಿಟ್ಟು ಓದುವ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ.

ಈಗ ಕೆಲಸ. ಕಂದದ ಒಂದು, ಮೂರನೆಯ ಸಾಲುಗಳಿಗೆ 12 ಮಾತ್ರೆ, ಎರಡು, ನಾಲ್ಕನೆಯವಕ್ಕೆ 20, ಒಟ್ಟು 64. ಇಸ್ಕಿಯಲ್ಲಿ ದೀರ್ಘದ ಚಿಹ್ನೆಗಳು 218, 220, 222, 225, 226, 229, 230. ಇವುಗಳಲ್ಲೊಂದು ಬಂದರೆ ಗುರು. ಅನುಸ್ವಾರ 162, ವಿಸರ್ಗ 163. ಇವು ಬಂದರೂ ಗುರು. ಮುಂದಿನ ವ್ಯಂಜನದ ಬೆನ್ನಿಗೇ ಹಲಂತ, ಅಂದರೆ 232, ಇದ್ದರೆ ಒತ್ತಕ್ಷರದ ಹಿಂದಿನದು ಗುರು. ಬಿಡಿ ಸ್ವರಗಳಿಗೂ ವ್ಯಂಜನಾಂತ್ಯಕ್ಕೂ ಒಂದೊಂದು ನಿಯಮ ಸೇರಿಸಿದರೆ ಮಾತ್ರೆಯ ಲೆಕ್ಕ ಮುಗಿಯಿತು. ಆದಿಪ್ರಾಸಕ್ಕೆ ಮೊದಲ ಸಾಲಿನ ಎರಡನೆಯ ಅಕ್ಷರದ ವ್ಯಂಜನವನ್ನು ಹಿಡಿದಿಟ್ಟುಕೊಂಡು ಉಳಿದ ಸಾಲುಗಳಲ್ಲಿ ಅದೇ ಜಾಗದಲ್ಲಿ ಹುಡುಕಿದರಾಯಿತು. ಹೊಂದಿದರೆ ಒಂದು ದಾರಿ, ಹೊಂದದಿದ್ದರೆ ಇನ್ನೊಂದು. ಸ್ನೋಬಾಲ್‌ನ ಪ್ರತಿ ಸಾಲಿಗೂ ಈ ಎರಡು ದಾರಿಗಳನ್ನು ತೋರಿಸಬಹುದು. ಆಕ್‌ನಲ್ಲಿ ಇದೆಲ್ಲ ಆಗದೆಂದಲ್ಲ. ಆದರೆ ಅಲ್ಲಿ ಬರೆದದ್ದು ಬೈಟುಗಳ ಲೆಕ್ಕದಂತೆ ಕಾಣುತ್ತದೆ, ಸ್ನೋಬಾಲ್‌ನಲ್ಲಿ ಬರೆದದ್ದು ಛಂದಸ್ಸಿನ ಲಕ್ಷಣದಂತೆ.

ಯಂತ್ರ ತಪ್ಪೆಂದು ತೋರಿಸಿದ ಪದ್ಯಗಳನ್ನು ಆತುರದಿಂದ ತಿದ್ದಬೇಡಿ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಉಂಟು. ಅಲ್ಲಿ ಒತ್ತಕ್ಷರ ತೇಲಿಸಿ ನುಡಿಯುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಯಂತ್ರ ಅದನ್ನು ಗುರುವೆಂದು ಎಣಿಸಿ 65 ಎನ್ನುತ್ತದೆ. ಬೆರಳಚ್ಚಿನಲ್ಲಿ ಒಂದು ದೀರ್ಘ ಹೆಚ್ಚಾಗಿ ಬಿದ್ದಿದ್ದರೂ ಅದೇ 65. ಎರಡರಲ್ಲಿ ಯಾವುದೆಂದು ತೀರ್ಮಾನಿಸಬೇಕಾದದ್ದು ಪದ್ಯವನ್ನು ಗಟ್ಟಿಯಾಗಿ ಓದಿದ ಕಿವಿ.

ಹಾಗಾಗಿ ಮಾಂಬಲಂನ ಗೆಳೆಯರೇ, ಎರಡನ್ನೂ ಹಾಕಿಕೊಳ್ಳಿ. ಪದಪಟ್ಟಿಗೆ ಆಕ್, ಪದ್ಯಕ್ಕೆ ಸ್ನೋಬಾಲ್. 64ಕ್ಕೆ ಕೂಡದ ಕಂದಗಳನ್ನು ನನಗೆ ಬರೆದು ಕಳಿಸಿ, ಮುಂದಿನ ವಾರ ಈ ಅಂಕಣದಲ್ಲೇ ಒಂದೊಂದಾಗಿ ಓದಿ ನೋಡೋಣ.